ಎಣಿಕೆ ಹೇಳದ ಕುರಿಗಾರ

ನನ್ನ ಫೋನಿನಲ್ಲಿ ಅವರ ಹೆಸರಿಲ್ಲ. 'ಹನ್ನೊಂದನೇ ಬೆಡ್' ಎಂದಿದೆ. ಚಿತ್ರದುರ್ಗದ ಆಸ್ಪತ್ರೆಯೊಂದರ ವಾರ್ಡಿನಲ್ಲಿ ನನ್ನದು ಹನ್ನೆರಡನೇ ಮಂಚ, ಅವರದು ಹನ್ನೊಂದು. ಹೆಸರು ಆಮೇಲೆ ಗೊತ್ತಾಯಿತು. ಅಷ್ಟು ಹೊತ್ತಿಗೆ ನಾನು ಅವರನ್ನು ಯಜಮಾನ್ರೆ ಎಂದೂ ಅವರು ನನ್ನನ್ನು ಮೇಷ್ಟ್ರೆ ಎಂದೂ ಕರೆದು ರೂಢಿಯಾಗಿಬಿಟ್ಟಿತ್ತು. ಅವರು ತೀರಿಕೊಂಡು ಈ ಮಳೆಗಾಲಕ್ಕೆ ಒಂದು ವರ್ಷ. ಆ ನಂಬರು ಅಳಿಸಲು ಮನಸ್ಸು ಬಂದಿಲ್ಲ.

ನಮ್ಮಿಬ್ಬರನ್ನು ಅಲ್ಲಿಗೆ ತಂದು ಮಲಗಿಸಿದ್ದು ಒಂದೇ ಚಟ. ನಾನು ಹೊಳಲ್ಕೆರೆ ತಾಲೂಕಿನ ಹೈಸ್ಕೂಲೊಂದರ ಕನ್ನಡ ಮೇಷ್ಟ್ರು. ಒಂದು ಪೀರಿಯಡ್ ಮುಗಿದು ಇನ್ನೊಂದು ಶುರುವಾಗುವುದರೊಳಗೆ ಗುಟ್ಕಾ ಪೊಟ್ಟಣ ಹರಿದು ಬಾಯಿಗೆ ಸುರಿದುಕೊಳ್ಳುವುದನ್ನು ಇಪ್ಪತ್ತು ವರ್ಷ ನಿಷ್ಠೆಯಿಂದ ಮಾಡಿದೆ. ಮಕ್ಕಳಿಂದ ಮಾತ್ರ ದುಶ್ಚಟಗಳ ಮೇಲೆ ಪ್ರಬಂಧ ಬರೆಸುತ್ತಿದ್ದೆ. ಮೊದಲು ಖಾರ ತಗುಲಿದರೆ ಬಾಯಿ ಉರಿಯಿತು. ಆಮೇಲೆ ಕೆನ್ನೆಯ ಒಳಗೆ ಹುರಿ ಬಿಗಿದ ಹಾಗಾಯಿತು. ಕೊನೆಗೆ ಎರಡು ಬೆರಳು ತೂರದಷ್ಟು ಬಾಯಿ ಮುಚ್ಚಿಕೊಂಡಿತು. ಪದ್ಯ ಓದುವಾಗ ದೀರ್ಘ ಎಳೆಯಲು ಹೋದರೆ ಹಿಂದಿನ ಬೆಂಚಿನವರು ಮುಸಿಮುಸಿ ನಗತೊಡಗಿದರು. ಆಗ ಹೆದರಿ ದುರ್ಗದ ಬಸ್ಸು ಹತ್ತಿದೆ.

ಅವರು ಹಿರಿಯೂರು ಸೀಮೆಯ ಒಂದು ಹಟ್ಟಿಯವರು. ಕುರಿಗಾರರು. ಐವತ್ತರ ಆಸುಪಾಸು, ಎತ್ತರದ ಆಳು, ಬಡಕಲು ಮೈ. ಆಸ್ಪತ್ರೆಯಲ್ಲೂ ಹೆಗಲ ಮೇಲೆ ಕಂಬಳಿ. ನರ್ಸ್ ಬಂದು ಅದನ್ನು ಮಂಚದ ಕೆಳಗಿಡಲು ಹೇಳಿದರೆ ಹೂಂ ಎಂದು, ಆಕೆ ಆಚೆ ಹೋದ ಮೇಲೆ ಆಸ್ಪತ್ರೆಯ ತಲೆದಿಂಬನ್ನು ಮಂಚದ ಕೆಳಗಿಟ್ಟು ಕಂಬಳಿಯ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಬಾಯಿ ಉರಿ ಎಂದಾಗಲಿ ಊಟ ಸೇರುವುದಿಲ್ಲ ಎಂದಾಗಲಿ ಅವರು ಬಂದವರಲ್ಲ.

"ನೋವು ಎಂಗೋ ತಡಕಂಬೌದು ಮೇಷ್ಟ್ರೆ. ಕುರಿ ನನ್ ಮಾತು ಕೇಳ್ತಿಲ್ಲ," ಎಂದರು ಮೊದಲ ದಿನವೇ. "ಕೂಗು ಹಾಕಾಕೆ ನಾಲಿಗೆ ಆಡಬೇಕಲ್ರಿ, ಬಾಯಾಗೆ ಅದಕ್ಕೆ ಜಾಗನೇ ಇಲ್ಲ. ನಾನು ಕರುದ್ರೆ ತಲೆ ಎತ್ತಿ ನೋಡ್ತಾವೆ, ತಿರುಗಿ ಮೇಯ್ತಾವೆ. ಯಾರೋ ದಾರಿಹೋಕ ಅನ್ಕಂತಾವೆ."

ಅಡಿಕೆ, ತಂಬಾಕು ಯಾಕೆ ಹಿಡಿಯಿತು ಎಂದು ಕೇಳಿದ್ದೆ. ನನ್ನ ಹತ್ತಿರ ಆ ಪ್ರಶ್ನೆಗೆ ಸರಿಯಾದ ಉತ್ತರ ಇರಲಿಲ್ಲ. ಅವರ ಹತ್ತಿರ ಇತ್ತು. "ಬೆಳಗಿಂದ ಬೈಗಿನ ತನಕ ಒಬ್ನೇ ಇರ್ತೀನಿ. ಬಾಯಾಗೆ ಏನಾರ ಇದ್ರೆ ಯಾರೋ ಜೊತೆಗೆ ಇದ್ದಂಗೆ."

ನಮ್ಮ ಡಾಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು, ಮಾತಿನಲ್ಲಿ ಖಡಕ್ಕು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕಾಗದದ ಮೇಲೆ ಕೆನ್ನೆಯ ಚಿತ್ರ ಬರೆದು ವಿವರಿಸಿದರು. ಒಳಗಡೆ ಹುರಿಗಟ್ಟಿದ ಪಟ್ಟಿಗಳನ್ನು ಕತ್ತರಿಸಬೇಕು. ಕತ್ತರಿಸಿದ ಜಾಗವನ್ನು ಹಾಗೇ ಬಿಟ್ಟರೆ ಗಾಯ ಮಾಯುತ್ತಾ ಮತ್ತೆ ಎಳೆದುಕೊಂಡು ಬಾಯಿ ಮುಚ್ಚುತ್ತದೆ. ಅದಕ್ಕೆ ಮೈಯ ಬೇರೆ ಕಡೆಯಿಂದ ಏನಾದರೂ ತಂದು ಹೊದಿಸಬೇಕು. ನನ್ನ ಕೆನ್ನೆಯೊಳಗೆ ಕೊಬ್ಬು ಇರುವುದರಿಂದ ಅದನ್ನೇ ಎಳೆದು ಮುಚ್ಚಬಹುದು ಎಂದರು. ಅವರ ಕೆನ್ನೆ ಒತ್ತಿ ನೋಡಿ ತಲೆಯಾಡಿಸಿದರು. ಅಲ್ಲಿ ಕೊಬ್ಬೇ ಇರಲಿಲ್ಲ. ಮೂಗಿನ ಪಕ್ಕದಿಂದ ತುಟಿಯ ಕೊನೆಗೆ ಇಳಿಯುತ್ತದಲ್ಲ, ಆ ಗೆರೆಯ ಚರ್ಮವನ್ನು ಎರಡೂ ಕಡೆ ಬಿಡಿಸಿ ಬಾಯೊಳಕ್ಕೆ ತಿರುಗಿಸಿ ಹೊಲಿಯುವುದೆಂದು ತೀರ್ಮಾನವಾಯಿತು.

"ಮೇಷ್ಟ್ರಿಗೆ ಕೊಬ್ಬು ಐತೆ ಅಂತ ಡಾಕ್ಟ್ರೇ ಹೇಳಿಬಿಟ್ರಲ್ಲ," ಎಂದು ಹೊರಗೆ ಬಂದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು.

ಒಂದು ಕಡೆಯ ಚರ್ಮ ಇನ್ನೊಂದು ಕಡೆ ಹೇಗೆ ಹಿಡಿಯುತ್ತದೆ ಎಂದು ನಾನು ಚಡಪಡಿಸುತ್ತಿದ್ದರೆ ಅವರು ಅದೇನು ದೊಡ್ಡ ಸಂಗತಿಯೇ ಎನ್ನುವಂತೆ ಹೇಳಿದರು: "ಮರಿ ಸತ್ತ ಕುರಿ ಒಂದು, ತಾಯಿ ಸತ್ತ ಮರಿ ಒಂದು ಇರ್ತಾವೆ ಅನ್ಕಳ್ರಿ. ಸತ್ತ ಮರಿ ಚರ್ಮನ ಈ ಮರಿಗೆ ಹೊದಿಸಿ ಕುರಿ ಹತ್ರ ಬಿಡ್ತೀವಿ. ಮೊದ್ಲು ಒದೀತೈತೆ. ಎರಡು ದಿನ ಮೂಸಿ ನೋಡ್ತೈತೆ. ಆಮೇಲೆ ನಂದೇ ಅಂತ ಹಾಲು ಬಿಡ್ತೈತೆ. ಬಾಯಿನೂ ಅಂಗೇಯ. ಒಸಿ ದಿನ ತಡೀರಿ, ಒಪ್ಕಂತೈತೆ." ಡಾಕ್ಟರ ಚಿತ್ರದಿಂದ ಬಾರದ ಧೈರ್ಯ ನನಗೆ ಆ ಮಾತಿನಿಂದ ಬಂತು.

ಒಂದು ದಿನದ ಅಂತರದಲ್ಲಿ ಇಬ್ಬರಿಗೂ ಆಪರೇಷನ್ ಆಯಿತು. ಮುಖ ಕುಂಬಳಕಾಯಿಯಂತೆ ಊದಿ, ಮೂಗಿನಲ್ಲಿ ನಳಿಗೆ ತೂರಿಸಿಕೊಂಡು, ಮಾತಿಲ್ಲದೆ ಬಿದ್ದುಕೊಂಡಿದ್ದೆವು. ಬೆಳಗಾದರೆ ಅವರು ಎದ್ದು ಬಂದು ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಕುರಿಗೆ ರಕ್ತ ಕಮ್ಮಿಯಾಗಿದೆಯೇ ಎಂದು ನೋಡುವುದು ಹಾಗಂತೆ. ಕೆಂಪಗಿದ್ದರೆ ನನ್ನ ಭುಜ ತಟ್ಟಿ ಹೋಗಿ ಮಲಗುವರು. ನನ್ನ ಹೆಂಡತಿ ದಿನವೂ ಗಂಜಿ, ಹಣ್ಣಿನ ರಸ ತಂದು ನಳಿಗೆಗೆ ಹಾಕುತ್ತಿದ್ದಳು. ಅವರ ಬಳಿ ಯಾರೂ ಇರಲಿಲ್ಲ. ಹೆಂಡತಿ, ತಮ್ಮ ಇಬ್ಬರೂ ಹೊಸದುರ್ಗದ ಕಡೆ ಕುರಿಯ ಹಿಂದೆ ಇದ್ದರು. ಮಂದೆ ಬಿಟ್ಟು ಬರುವ ಹಾಗಿರಲಿಲ್ಲ. ನನ್ನವಳು ಅವರ ನಳಿಗೆಗೂ ಗಂಜಿ ಹಾಕುವಾಗ ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಕಣ್ಣು ಒದ್ದೆಯಾದದ್ದು ಕಾಣಬಾರದು ಎಂದಿರಬೇಕು.

ಊತ ಇಳಿದ ಮೇಲೆ ಕಡ್ಡಿಯ ಕೆಲಸ ಶುರುವಾಯಿತು. ಐಸ್‌ಕ್ಯಾಂಡಿಗೆ ಇರುತ್ತವಲ್ಲ, ಆ ಥರದ ಚಪ್ಪಟೆ ಮರದ ಕಡ್ಡಿಗಳು. ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟುಕೊಂಡು ಹತ್ತು ನಿಮಿಷ ಕೂರಬೇಕು. ದಿನಕ್ಕೆ ನಾಲ್ಕು ಸಲ. ಸಡಿಲಾದ ಹಾಗೆಲ್ಲ ಇನ್ನೊಂದು ಕಡ್ಡಿ ತೂರಿಸಬೇಕು. ಪ್ರಾಣ ಹೋಗುವ ನೋವು. "ಕೊಯ್ದು ಹೊಲಿಯೋದು ನನ್ನ ಕೆಲಸ. ಬಾಯಿ ಉಳಿಸಿಕೊಳ್ಳೋದು ನಿಮ್ಮ ಕೆಲಸ. ಕಡ್ಡಿ ಬಿಟ್ಟರೆ ಮತ್ತೆ ಮುಚ್ಚುತ್ತೆ. ಮುಚ್ಚಿದರೆ ಒಳಗೆ ಏನು ಬೆಳೀತಿದೆ ಅಂತ ನನಗೂ ಕಾಣಲ್ಲ," ಎಂದು ಡಾಕ್ಟರು ಇಬ್ಬರಿಗೂ ಬೆರಳು ತೋರಿಸಿ ಹೇಳಿದ್ದರು.

ಎಷ್ಟು ಕಡ್ಡಿ ಹಿಡಿಯಿತು ಎಂದು ದಿನವೂ ಒಂದು ಕಾರ್ಡಿನಲ್ಲಿ ಬರೆಸಬೇಕಿತ್ತು. ನಾನು ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ "ಹದಿನೇಳು ಸಿಸ್ಟರ್, ಹದಿನೆಂಟು ಸಿಸ್ಟರ್" ಎಂದು ಕೂಗಿ ಹೇಳುತ್ತಿದ್ದೆ. ಹನ್ನೊಂದನೇ ಮಂಚದಿಂದ ಮಾತ್ರ ಯಾವತ್ತೂ ಒಂದೇ ಉತ್ತರ: "ಅವೆ ತಾಯಿ."

"ಅವೆ ಅಂದ್ರೆ ಎಷ್ಟಿವೆ? ಬರೀಬೇಕು ನಾನು."

"ದೇವ್ರು ಕೊಟ್ಟಷ್ಟು ಅವೆ."

ನರ್ಸ್ ಸಿಡಿಮಿಡಿಗೊಂಡು ತಾನೇ ಬಾಯಿಂದ ತೆಗೆಸಿ ಎಣಿಸಿ ಬರೆದುಕೊಳ್ಳುತ್ತಿದ್ದಳು. ಎಣಿಸುವಾಗ ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಓದು ಬರಹ ಇಲ್ಲದಿದ್ದರೇನು, ಲೆಕ್ಕ ಬರುವುದಿಲ್ಲವೇ ಎಂದು ನಾನೂ ಒಂದು ಸಲ ಕೆಣಕಿದೆ. ಆಗ ಹೇಳಿದರು: "ಬೆಳೆಯೋದನ್ನ ಎಣಿಸಿ ಹೇಳಬಾರ್ದು ಮೇಷ್ಟ್ರೆ, ದೃಷ್ಟಿಯಾಗ್ತೈತೆ. ನಮ್ಮ ಹಟ್ಟಿಯಾಗೆ ಎಷ್ಟು ಕುರಿ ಅವೆ ಅಂತ ಯಾರು ಕೇಳಿದ್ರೂ 'ಅವೆ' ಅಂತೀವಿ. ಸತ್ತವು, ತೋಳ ಹಿಡುದವು ಇರ್ತಾವಲ್ಲ, ಅವನ್ನ ಎಣಿಸ್ತೀವಿ. ಮೂರು ಹೋದ್ವು, ನಾಕು ಹೋದ್ವು ಅಂತ. ಹೋದದ್ದಕ್ಕೆ ಮಾತ್ರ ಲೆಕ್ಕ." ನಾನು ನಕ್ಕು, ಸ್ಟಾಫ್ ರೂಮಿನಲ್ಲಿ ಹೇಳಲು ಒಳ್ಳೆಯ ಸಂಗತಿ ಸಿಕ್ಕಿತು ಎಂದುಕೊಂಡೆ.

ಒಂದು ಮಧ್ಯಾಹ್ನ ಅವರು ಮಂಚದಲ್ಲಿ ಇರಲಿಲ್ಲ. ಹುಡುಕಿಕೊಂಡು ಹೋದರೆ ಆಸ್ಪತ್ರೆಯ ಹಿಂಬದಿಯ ಕಾಂಪೌಂಡಿನ ಬಳಿ ಒಬ್ಬರೇ ನಿಂತಿದ್ದರು. ಎರಡೂ ಕೈ ಬಾಯಿಯ ಪಕ್ಕಕ್ಕೆ ಹಿಡಿದು, ನಾಲಿಗೆ ಅದುರಿಸಿ, ಎಂಥದೋ ಒಂದು ಕೂಗು ಹಾಕಿದರು. ಮೊದಲ ಸಲ ಗಾಳಿ ಮಾತ್ರ ಬಂತು. ಮತ್ತೊಮ್ಮೆ ಹಾಕಿದರು. ಮೂರನೆಯದಕ್ಕೆ ಗೋಡೆಯಾಚೆ ಯಾರದೋ ಮನೆಯ ಮೇಕೆಯೊಂದು ಓಗೊಟ್ಟಿತು. ಅವರು ನನ್ನ ಕಡೆ ತಿರುಗಿದರು. ಆ ಮುಖದಲ್ಲಿದ್ದ ಸಂತೋಷವನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ. ಹೊಲಿಗೆ ಬಿಚ್ಚಿಕೊಂಡರೆ ಏನು ಗತಿ ಎಂದು ನರ್ಸ್ ಇಬ್ಬರಿಗೂ ಬೈದಳು.

ಕಳಿಸುವ ದಿನ ಅವರ ಬಾಯಲ್ಲಿ ಇಪ್ಪತ್ತೊಂದು ಕಡ್ಡಿ ಇದ್ದವು. ನಾನೇ ಕಣ್ಣಲ್ಲಿ ಎಣಿಸಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೆ ನಿಂತು, "ಮೇಷ್ಟ್ರೆ, ಒಬ್ನೇ ಕುಂತು ಇದನ್ನ ಬಾಯಿಗೆ ಹಾಕ್ಕಂಬಕೆ ಒಂಥರಾ ಆಗ್ತೈತೆ. ಬೈಗಿನ ಹೊತ್ತು ಒಂದು ಫೋನು ಮಾಡ್ತೀರಾ? ಇಬ್ರೂ ಒಟ್ಟಿಗೆ ಹಾಕ್ಕಳಾಣ," ಎಂದರು. ಅವರು ನನ್ನನ್ನು ಕೇಳಿದ್ದು ಅದೊಂದೇ.

ಹಾಗೆ ಶುರುವಾಯಿತು ನಮ್ಮ ಏಳು ಗಂಟೆಯ ಫೋನು. ಅವರು ಒಂದು ಮಿಸ್ ಕಾಲ್ ಕೊಡುವುದು, ನಾನು ತಿರುಗಿ ಮಾಡುವುದು. "ಹಾಕ್ಕಳಾಣೇನ್ರಿ?" ಎನ್ನುವರು. ಇಬ್ಬರೂ ಕಡ್ಡಿ ಕಚ್ಚಿಕೊಂಡ ಮೇಲೆ ಇನ್ನೇನು ಮಾತು? ಹತ್ತು ನಿಮಿಷ ಫೋನು ಕಿವಿಗೆ ಹಿಡಿದು ಸುಮ್ಮನೆ ಕೂರುವುದು. ಆ ಕಡೆಯಿಂದ ಗಾಳಿ, ಮರಿಗಳ ಅರಚು, ಯಾವುದೋ ಕುರಿಯ ಕೆಮ್ಮು, ಅವರ ಉಸಿರು ಕೇಳುತ್ತಿತ್ತು. ನಮ್ಮ ಮನೆಯ ಕುಕ್ಕರಿನ ಸೀಟಿ ಅವರಿಗೆ ಕೇಳುತ್ತಿತ್ತಂತೆ. ಗಡಿಯಾರ ನೋಡುವುದು ನನ್ನ ಪಾಲಿನ ಕೆಲಸ. ಮುಗಿದ ಮೇಲೆ "ಎಷ್ಟು ಕಡ್ಡಿ ಯಜಮಾನ್ರೆ?" ಎಂದು ಕೇಳುವೆ. "ಅವೆ ಮೇಷ್ಟ್ರೆ" ಎನ್ನುವರು. ಇಬ್ಬರು ಗಂಡಸರು ದಿನಾ ಮಾತೇ ಇಲ್ಲದ ಫೋನು ಮಾಡುವುದನ್ನು ನನ್ನ ಹೆಂಡತಿ ನೆರೆಮನೆಯವರಿಗೆಲ್ಲ ಹೇಳಿ ನಗುತ್ತಿದ್ದಳು.

ಮೂರನೇ ತಿಂಗಳಲ್ಲಿ ಇರಬೇಕು, ತಪಾಸಣೆಗೆ ಇಬ್ಬರೂ ದುರ್ಗಕ್ಕೆ ಹೋದಾಗ ಅವರ ಬಾಯೊಳಗೆ ಗಡ್ಡ ಬಂದಿತ್ತು. ಮುಖದ ಚರ್ಮವಲ್ಲವೇ, ಒಳಗೆ ಹೋದರೂ ತನ್ನ ಬುದ್ಧಿ ಬಿಟ್ಟಿರಲಿಲ್ಲ. ಡಾಕ್ಟರು ಚಿಮುಟದಿಂದ ಒಂದೊಂದೇ ಕೂದಲು ಕೀಳುತ್ತಿದ್ದರೆ, "ಬಿಡ್ರಿ ತಾಯಿ, ಬೆಳೀಲಿ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಾಣ," ಎಂದರು. ಆ ಖಡಕ್ಕು ಡಾಕ್ಟರು ಚಿಮುಟ ಕೆಳಗಿಟ್ಟು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ.

ಇನ್ನು ನನ್ನ ಕಥೆಗೆ ಬರುತ್ತೇನೆ. ಅದನ್ನು ಹೇಳದೆ ಅವರ ಚಿತ್ರ ಮುಗಿಯುವುದಿಲ್ಲ.

ನನ್ನ ಬಾಯಿ ಚೆನ್ನಾಗಿ ತೆರೆಯಿತು. ಮೂರು ಬೆರಳು ಸಲೀಸಾಗಿ ಹೋಗತೊಡಗಿದವು. ತರಗತಿಯಲ್ಲಿ ಪದ್ಯ ಎಳೆದೆಳೆದು ಓದಿದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ನಿರೂಪಣೆ ಮಾಡಿದೆ. ಅದನ್ನು ಕೇಳಿದವರು ಇನ್ನೊಂದು ಕಡೆ ಕರೆದರು, ಅಲ್ಲಿಂದ ಮತ್ತೊಂದು. ಸಿರಿಗೆರೆ ಕಡೆಯ ಕಾಲೇಜು, ಹೊಸದುರ್ಗದ ಸಂಘ, ಮದುವೆ, ಸನ್ಮಾನ, ಎಲ್ಲ ಕಡೆ ಮೈಕು ನನ್ನ ಕೈಯಲ್ಲಿ. ಕಳೆದುಕೊಂಡಿದ್ದ ಬಾಯಿ ತಿರುಗಿ ಸಿಕ್ಕವನಿಗೆ ಎಷ್ಟು ಮಾತಾಡಿದರೂ ತೃಪ್ತಿಯಿರಲಿಲ್ಲ. ಕಾರ್ಯಕ್ರಮಗಳು ಶುರುವಾಗುವುದೂ ಸಂಜೆಯೇ. ಏಳು ಗಂಟೆಗೆ ಸರಿಯಾಗಿ ಜೇಬಿನಲ್ಲಿ ಫೋನು ಒಂದು ಸಲ ನಡುಗಿ ಸುಮ್ಮನಾಗುತ್ತಿತ್ತು. ಇಳಿದ ಮೇಲೆ ಮಾಡಿದರಾಯಿತು ಎಂದುಕೊಳ್ಳುತ್ತಿದ್ದೆ. ಇಳಿದ ಮೇಲೆ ಹೊಗಳುವವರು ಸುತ್ತುವರಿಯುತ್ತಿದ್ದರು. ದಿನಾ ಮಾಡುತ್ತಿದ್ದ ಫೋನು ವಾರಕ್ಕೆ ಎರಡಾಯಿತು, ಆಮೇಲೆ ಒಂದು. ನನ್ನ ಕಡ್ಡಿ ಮಾತ್ರ ಬಿಡಲಿಲ್ಲ, ಬೆಳಿಗ್ಗೆ ಎದ್ದು ಒಬ್ಬನೇ ಹಾಕಿಕೊಳ್ಳುತ್ತಿದ್ದೆ.

ಒಂದು ಭಾನುವಾರ ನೆನಪಾಗಿ ನಾನೇ ಮಾಡಿದೆ. ಅವಸರದಲ್ಲಿದ್ದೆ, ಕಡ್ಡಿ ಹಾಕಿಕೊಂಡು ಕೂರುವಷ್ಟು ಪುರುಸೊತ್ತು ಇರಲಿಲ್ಲ. ರೂಢಿಯಂತೆ ಎಷ್ಟು ಕಡ್ಡಿ ಎಂದು ಕೇಳಿದೆ.

"ಹದಿನಾರು," ಎಂದರು.

ನನಗೆ ಖುಷಿಯೋ ಖುಷಿ. "ಭೇಷ್ ಯಜಮಾನ್ರೆ! ಅಂತೂ ಲೆಕ್ಕ ಹೇಳೋಕೆ ಕಲಿತ್ರಲ್ಲ!" ಎಂದೆ.

"ಹೂಂ ಮೇಷ್ಟ್ರೆ, ಹೇಳ್ದೆ," ಎಂದರು. ನಾನು ಇಟ್ಟುಬಿಟ್ಟೆ.

ಆಮೇಲೆ ಅವರ ಮಿಸ್ ಕಾಲ್ ಬರುವುದು ನಿಂತಿತು. ಸುಳ್ಳು ಯಾಕೆ ಹೇಳಲಿ, ನನಗೆ ಹಗುರವೆನಿಸಿತು. ಯಜಮಾನರು ತಮ್ಮಷ್ಟಕ್ಕೆ ಮಾಡಿಕೊಳ್ಳುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಮೂರು ತಿಂಗಳು ಕಳೆದು ತಪಾಸಣೆಗೆ ಹೋದಾಗ ಡಾಕ್ಟರು ನನ್ನ ಬಾಯಿ ನೋಡಿ ಮೆಚ್ಚಿಕೊಂಡು, "ನಿಮ್ಮ ಹನ್ನೊಂದನೇ ಬೆಡ್ ಎಲ್ಲಿ? ಎರಡು ಸಲದಿಂದ ಬಂದಿಲ್ಲ," ಎಂದರು. ಆ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಒರಗಿದ್ದಾಗಲೇ ನನಗೆ ಹೊಳೆಯಿತು. ಇಪ್ಪತ್ತೊಂದು ಇದ್ದದ್ದು ಹದಿನಾರಾಗಿತ್ತು. ಹೋದದ್ದಕ್ಕೆ ಮಾತ್ರ ಲೆಕ್ಕ ಎಂದು ಅವರೇ ನನಗೆ ಬಿಡಿಸಿ ಹೇಳಿದ್ದರು. ಬಾಯಿ ಮುಚ್ಚುತ್ತಿದೆ ಎಂದು ಅವರ ಪದ್ಧತಿಯಲ್ಲಿ ಎಷ್ಟು ಸ್ಪಷ್ಟವಾಗಿ ಹೇಳಬಹುದೋ ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ನಾನು ಭೇಷ್ ಅಂದಿದ್ದೆ.

ಅಲ್ಲಿಂದಲೇ ಫೋನು ಮಾಡಿದೆ. ಅವರ ಮಾತು ಹಲ್ಲಿನ ಸಂದಿಯಿಂದ ಬರುತ್ತಿತ್ತು. ಹೊರಕೆರೆದೇವಪುರದ ದಾರಿಯಲ್ಲಿ ಒಂದು ಹೊಲದಲ್ಲಿ ಮಂದೆ ಹಾಕಿದ್ದೇವೆ ಎಂದರು. ಬೈಕು ಹತ್ತಿ ಹೋದೆ. ಕೊಯ್ಲಾದ ಹೊಲದ ನಡುವೆ ಕುರಿಗಳು ಚದುರಿ ಮೇಯುತ್ತಿದ್ದವು. ಅವರು ಬದುವಿನ ಮೇಲೆ ಕಂಬಳಿ ಹೊದ್ದು, ಬಾಯಿಗೆ ಟವೆಲ್ ಸುತ್ತಿಕೊಂಡು ಕುಳಿತಿದ್ದರು. ಕುರಿ ತಿರುಗಿಸಲು ಪಕ್ಕದಲ್ಲಿ ಕಲ್ಲುಗಳ ಒಂದು ಗುಡ್ಡೆ ಮಾಡಿಕೊಂಡಿದ್ದರು.

"ಬರ್ರಿ ಮೇಷ್ಟ್ರೆ, ಕುಂತ್ಕಳ್ರಿ," ಎಂದು ಕಂಬಳಿಯ ಅಂಚು ಹಾಸಿದರು.

ಟವೆಲ್ ತೆಗೆಸಿದೆ. ನನ್ನ ತೋರುಬೆರಳು ಕಷ್ಟಪಟ್ಟು ಒಳಗೆ ಹೋಯಿತು. ಕುತ್ತಿಗೆಯ ಪಕ್ಕ ಒಂದು ಗಂಟು ಕೈಗೆ ಸಿಕ್ಕಿತು. "ಹೋಗಾಣ ನಡೀರಿ ದುರ್ಗಕ್ಕೆ," ಎಂದೆ. ಅವರು ಎದ್ದು ತಮ್ಮನ ಕಡೆ ಕೈ ಬೀಸಿ, ಮಗುವಿನ ಹಾಗೆ ನನ್ನ ಹಿಂದೆ ಬೈಕು ಹತ್ತಿದರು.

ಡಾಕ್ಟರಿಗೆ ಒಳಗೆ ಏನೂ ಕಾಣಲಿಲ್ಲ. ಟಾರ್ಚು ಹಾಕಿದರು, ಚಿಕ್ಕ ಕನ್ನಡಿ ತೂರಿಸಲು ನೋಡಿದರು. ಆಮೇಲೆ ಕುತ್ತಿಗೆಯ ಗಂಟು ಮುಟ್ಟಿದವರು ಬಹಳ ಹೊತ್ತು ಕೈ ತೆಗೆಯಲಿಲ್ಲ. "ಇಷ್ಟು ದಿನ ಏನು ಮಾಡ್ತಿದ್ರಿ? ಕಡ್ಡಿ ಯಾಕೆ ಬಿಟ್ರಿ?" ಎಂದರು. ಯಜಮಾನರು ನನ್ನ ಕಡೆ ಒಂದು ಸಲ ನೋಡಿ, "ಕುರಿ ಹಿಂದೆ ಆಗ್ಲಿಲ್ಲ ತಾಯಿ. ತಪ್ಪು ನಂದೇಯ," ಎಂದರು.

ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಎರಡು ಸಲ ನಾನೇ ಜೊತೆಯಲ್ಲಿ ಹೋದೆ. ಕ್ಯಾನ್ಸರ್ ಬಹಳ ಮುಂದಕ್ಕೆ ಹೋಗಿದೆ ಎಂದರು. ಮೂರನೇ ಸಲಕ್ಕೆ ಅವರು ಹೊರಡಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಫೋನು ಮಾಡಿದರೆ ತಮ್ಮ ಎತ್ತಿಕೊಂಡು, "ಅಣ್ಣ ಹೋಗಿ ಐದು ದಿನ ಆತ್ರಿ," ಎಂದರು.

ಅವರ ಹಟ್ಟಿಗೆ ನಾನು ಹೋದದ್ದು ಅದೇ ಮೊದಲು. ಹೆಂಡತಿ ಬಾಗಿಲಲ್ಲೇ ಇದ್ದರು. ಮಾತು ಕಮ್ಮಿಯ, ಗಟ್ಟಿ ಮೈಕಟ್ಟಿನ ಹೆಂಗಸು. ಚಾಪೆ ಹಾಸಿ ಕೂರಿಸಿ ತಾವೂ ಎದುರಿಗೆ ಕೂತರು. ನಾನು ಕೇಳಬಾರದೆಂದುಕೊಂಡೇ ಕೇಳಿದೆ, ಕಡ್ಡಿ ಯಾವಾಗ ಬಿಟ್ಟರು ಎಂದು.

"ಬಿಡ್ಲಿಲ್ರಿ. ದಿನಾ ಬೈಗಿನ ಹೊತ್ತು ಫೋನು ಎದುರಿಗೆ ಇಟ್ಕಂಡು, ಕಡ್ಡಿ ಕೈಯಾಗೆ ಹಿಡ್ಕಂಡು ಕುಂತಿರೋರು. ಕತ್ತಲಾಗೋದು. ಹಾಕ್ಕಳ್ರಿ ಅಂದ್ರೆ, 'ತಡಿಯೇ, ಮೇಷ್ಟ್ರು ಬರ್ಲಿ' ಅನ್ನೋರು."

ಆಕೆಯ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನನ್ನ ಮುಖವನ್ನೇ ನೋಡಿ, "ನಿಮ್ಗೆ ಬಾಯಿ ಚೆನ್ನಾಗಿ ಬಂತಲ್ರಿ?" ಎಂದು ಕೇಳಿದರು. ಹೂಂ ಎಂದೆ.

ಒಳಗೆ ಹೋಗಿ ತಟ್ಟೆಯಲ್ಲಿ ಬಿಸಿ ಮುದ್ದೆ, ಸೊಪ್ಪಿನ ಸಾರು ಹಾಕಿ ತಂದು ಮುಂದಿಟ್ಟರು. ಹಸಿವಿಲ್ಲ ಎಂದೆ. "ಅಂಗನ್ನಬ್ಯಾಡ್ರಿ. ದೊಡ್ಡ ತುತ್ತು ಮಾಡ್ಕಂಡು ಉಣ್ರಿ, ನಾನು ನೋಡ್ತೀನಿ. ಅವ್ರು ಅಂಗೆ ಉಂಡಿದ್ದನ್ನ ನೋಡಿ ಭಾಳ ವರ್ಷ ಆತು," ಎಂದು ಸೆರಗನ್ನು ಮಡಿಲಿಗೆ ಎಳೆದುಕೊಂಡು ಕೂತರು. ನಾನು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿ ಪೂರ್ತಿ ತೆರೆದು ತುತ್ತು ಇಟ್ಟುಕೊಂಡೆ. ಅವರು ನೋಡುತ್ತಿದ್ದರು. ತಟ್ಟೆ ಬರಿದಾಗುವವರೆಗೂ ಉಂಡೆ.